ಸಿಂಗಾಪುರಳ ಹಾಜರಿ

ಖರ್ಚಿನ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಬೆಲೆ ಹೇಳದೆ ಸುತ್ತಿಬಳಸಿ ಮಾತಾಡುವ ವ್ಯಾಪಾರಿಯನ್ನು ಗಿರಾಕಿ ನಂಬುವುದಿಲ್ಲ ಎನ್ನುವುದು ನಾನು ಅಂಗಡಿಯಲ್ಲಿ ನಿಂತು ಕಲಿತ ಪಾಠ. ಈ ಪ್ರಸಂಗದಲ್ಲಿ ನನ್ನ ಕೈಬಿಟ್ಟು ಹೋದದ್ದು ಕನ್ನಡ ಸಂಘದ ಕಮಿಟಿಯಲ್ಲಿದ್ದ ನನ್ನ ಸ್ಥಾನ, ರಾಜ್ಯೋತ್ಸವದ ದಿನ ಎದುರು ಸಾಲಿನಲ್ಲಿ ಕೂರುವ ಭಾಗ್ಯ, ಮತ್ತು ಶೇಖರಣ್ಣ ಎಂಬ ಗೆಳೆಯ. ಮೊದಲಿನ ಎರಡಕ್ಕೆ ನಾನು ಅಳಲಿಲ್ಲ. ಎದುರು ಸಾಲಿನಲ್ಲಿ ಕೂತರೆ ಭಾಷಣದ ನಡುವೆ ಎದ್ದು ಹೋಗಲಿಕ್ಕಾಗುವುದಿಲ್ಲ. ಗೆಳೆಯ ಹೋದದ್ದಕ್ಕೆ ಬೇಸರವುಂಟು. ಆದರೂ ಅದೇ ಸರಕು ಮತ್ತೆ ನನ್ನೆದುರು ಬಂದರೆ ಅದೇ ಬೆಲೆ ಕೊಟ್ಟು ತೆಗೆದುಕೊಂಡೇನು. ಯಾಕೆ ಎಂದು ಕೇಳಿ, ಹೇಳುತ್ತೇನೆ.

ಮೊನ್ನೆ ಹೆಂಡತಿಯ ಜೊತೆ ಒಂದು ಮಾಲಿಗೆ ಹೋಗಿದ್ದೆ. ಲಿಫ್ಟಿನಲ್ಲಿ ನಮ್ಮ ಮುಂದೆ ಉದ್ದ ಜಡೆಯ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಅವಳ ತಲೆಯಿಂದ ಗಿಡಮೂಲಿಕೆ ಹಾಕಿ ಕುದಿಸಿದ ಎಣ್ಣೆಯ ವಾಸನೆ, ಮೆಂತ್ಯದ್ದೋ ಬೇರಿನದ್ದೋ, ಸ್ವಲ್ಪ ಕಮಟು, ಸ್ವಲ್ಪ ಸಿಹಿ. ಪಕ್ಕದಲ್ಲಿದ್ದವರು ಮೂಗು ತಿರುಗಿಸಿದರು. ನಾನು ಎದೆ ತುಂಬ ಎಳೆದುಕೊಂಡೆ. ಹೆಂಡತಿ ಮೊಣಕೈಯಿಂದ ತಿವಿದಳು. ಈ ವಯಸ್ಸಿನಲ್ಲಿ ಇನ್ನೊಬ್ಬರ ಜಡೆ ಮೂಸುವುದಕ್ಕೆ ಏನು ಸಮಜಾಯಿಷಿ ಕೊಡುವುದು? ರುಕ್ಮಿಣಿಯ ಎಣ್ಣೆ ನೆನಪಾಯಿತು ಎಂದೆ. ಅವಳಿಗೂ ಕೂಡಲೇ ನೆನಪಾಯಿತು.

ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾವನ್ನೆಲ್ಲ ಅಗೆದು ಹಾಕಿದ್ದ ಕಾಲ ಅದು. ಬಿನ್ ಒಮ್ರಾನಿನ ಒಂದು ಒಳಬೀದಿಯಲ್ಲಿ ನನ್ನ ಹಳೇ ಪೀಠೋಪಕರಣಗಳ ಅಂಗಡಿ. ಕೆಲಸ ಬಿಟ್ಟು ಹೋಗುವವರ ಮಂಚ, ಸೋಫಾ, ಬೀರು ಕೊಳ್ಳುವುದು, ಹೊಸದಾಗಿ ಬಂದವರಿಗೆ ಮಾರುವುದು. ಬೇರೆಯವರು ಅದನ್ನು ಗುಜರಿ ಎನ್ನುತ್ತಿದ್ದರು, ನಾನು ಬಿಸಿನೆಸ್ ಎನ್ನುತ್ತಿದ್ದೆ. ದೋಹಾದಲ್ಲಿ ಯಾರೂ ಕಾಯಂ ಅಲ್ಲ, ಸೋಫಾ ಮಾತ್ರ ಕಾಯಂ. ಒಂದೇ ಹಸಿರು ಸೋಫಾವನ್ನು ನಾನು ಒಬ್ಬ ಮಲಯಾಳಿಗೆ, ಅವನಿಂದ ಮರಳಿ ಕೊಂಡು ಒಬ್ಬ ಮಂಗಳೂರಿನವನಿಗೆ, ಆಮೇಲೆ ಒಬ್ಬ ಫಿಲಿಪ್ಪೀನ್ಸಿನವನಿಗೆ ಮಾರಿದ್ದೇನೆ. ಜನ ಬಂದರು, ಹೋದರು. ಅದು ಬೀದಿ ದಾಟಿ ಆಚೆ ಹೋದದ್ದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ ಎನ್ನುವುದಿಲ್ಲ, ಆದರೆ ನನ್ನ ಸಿಟ್ಟಿನ ಬೇರು ಇಲ್ಲಿದೆ.

ಒಂದು ಮಧ್ಯಾಹ್ನ ರುಕ್ಮಿಣಿ ಅಂಗಡಿಗೆ ಬಂದಳು. ಜೊತೆಯಲ್ಲಿ ಒಂಬತ್ತು ಹತ್ತು ವಯಸ್ಸಿನ ಮಗಳು. ಒಂದು ಸಣ್ಣ ಮೇಜು ಬೇಕಿತ್ತು. ನಾನು ಒಂದು ಬೆಲೆ ಹೇಳಿದೆ, ಅವಳು ನಗದೆ ಅದರ ಕಾಲುಭಾಗ ಹೇಳಿದಳು. ಕಾಲು ಅಲ್ಲಾಡುತ್ತದೆ ಎಂದಳು, ಬಣ್ಣ ಹೋಗಿದೆ ಎಂದಳು, ಬಾಗಿಲವರೆಗೆ ಎರಡು ಸಲ ಹೋಗಿ ಬಂದಳು. ಎದುರಿನವಳು ಪಳಗಿದ ಕೈ ಎಂದು ನನಗೆ ತಿಳಿಯಿತು. ಕೊನೆಗೆ ಮೇಜನ್ನು ನಾನು ಅವಳ ಬೆಲೆಗೆ ಕೊಟ್ಟು, ಮೇಲೊಂದು ಕುರ್ಚಿಯನ್ನೂ ಕೊಟ್ಟು ಕಳಿಸುವ ಹಾಗಾಯಿತು. ಅಂಥ ಸೋಲು ನನಗೆ ಅಪರೂಪ. ಇಷ್ಟು ಹಟ ಹಿಡಿದು ಮೇಜು ಯಾಕಮ್ಮ ಎಂದು ಕೇಳಿದೆ. ಮಗಳು ಕೂತು ಬರೆಯಲಿಕ್ಕೆ ಎಂದಳು.

ಅವರು ಹಕ್ಕಿಪಿಕ್ಕಿ ಜನ, ಮೈಸೂರು ಕಡೆಯ ಒಂದು ಕಾಲೋನಿಯವರು. ಹಿಂದೆ ಹಕ್ಕಿ ಹಿಡಿದು ಬದುಕುತ್ತಿದ್ದವರು. ಬೇಟೆ ನಿಂತ ಮೇಲೆ ಮಣಿಸರ, ಪಿನ್ನು, ಬಣ್ಣದ ಕಾಗದದ ಹೂವು, ಕೂದಲೆಣ್ಣೆ ಮಾರುತ್ತ ಊರೂರು, ಈಗ ದೇಶದೇಶ ಸುತ್ತುತ್ತಾರೆ. ಗಂಡ ದಾಸಪ್ಪ ಒಬ್ಬ ಕಫೀಲನ, ಅಂದರೆ ಅಲ್ಲಿನ ಜಾಮೀನುದಾರನ, ಹೆಸರಿನಲ್ಲಿ ವೀಸಾ ಮಾಡಿಸಿಕೊಂಡು ಮೊದಲೇ ಬಂದಿದ್ದ. ಆದರೆ ಕೂದಲೆಣ್ಣೆ ಕೊಳ್ಳುವವರು ಹೆಂಗಸರು, ಗಂಡಸನ್ನು ಮನೆಯೊಳಗೆ ಬಿಡುವವರಾರು? ಹಾಗಾಗಿ ಅವರ ವ್ಯಾಪಾರ ಗಂಡಹೆಂಡಿರು ಕೂಡಿಯೇ ಮಾಡಬೇಕಾದದ್ದು. ರುಕ್ಮಿಣಿ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಮಗಳನ್ನು ಅಜ್ಜಿಯ ಹತ್ತಿರ ಬಿಡಬಾರದಿತ್ತೇ ಎಂದೆ. ಅಜ್ಜಿಯೂ ಮಣಿಸರ ಮಾರಲಿಕ್ಕೆ ತಿಂಗಳುಗಟ್ಟಲೆ ಹೊರಡುವವಳೇ.

ಮಗಳ ಹೆಸರು ಸಿಂಗಾಪುರ. ಅವಳು ಹುಟ್ಟಿದ ವರ್ಷ ದಾಸಪ್ಪ ಮೊದಲ ಸಲ ವಿಮಾನ ಹತ್ತಿ ಸಿಂಗಾಪುರಕ್ಕೆ ಎಣ್ಣೆ ಒಯ್ದಿದ್ದ, ವ್ಯಾಪಾರ ಕುದುರಿತ್ತು. ತಮಗೆ ಒಳ್ಳೆಯದಾದ ಊರಿನ, ವಸ್ತುವಿನ ಹೆಸರನ್ನು ಮಕ್ಕಳಿಗೆ ಇಡುವುದು ಅವರಲ್ಲಿ ರೂಢಿ. ನಾವು ದೇವರ ಹೆಸರಿಟ್ಟು ದೇವರಿಗೆ ಮುಜುಗರ ಮಾಡುತ್ತೇವೆ. ಅವರು ಉಪಕಾರ ಮಾಡಿದ ಊರಿಗೆ ಕೃತಜ್ಞತೆ ಹೇಳುತ್ತಾರೆ. ಇದರಲ್ಲಿ ನಗುವುದಕ್ಕೆ ಏನಿದೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸಿಂಗಾಪುರಳದ್ದು ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಹೊರಡುವಾಗ ಹೆಡ್ಮೇಷ್ಟ್ರು ಕರೆದು ಹೇಳಿದ್ದರಂತೆ: ಇಷ್ಟು ದಿನ ಬಾರದೆ ಇದ್ದರೆ ಹೆಸರು ಹೊಡೆದುಹಾಕಬೇಕಾಗುತ್ತದೆ, ಹೋದ ಕಡೆ ಯಾರಾದರೂ ಮೇಷ್ಟ್ರ ಹತ್ತಿರ ಕಲಿಯುತ್ತಿದ್ದಳು ಎಂದು ಒಂದು ಕಾಗದ ತನ್ನಿ, ಹೆಸರು ಉಳಿಸಿಕೊಳ್ಳುತ್ತೇನೆ, ಪರೀಕ್ಷೆಗೂ ಕೂರಿಸುತ್ತೇನೆ. ಒಳ್ಳೆಯ ಮನುಷ್ಯನೇ. ಅಷ್ಟೇ ಬೇಕಿತ್ತು ಅವರಿಗೆ: ಒಬ್ಬ ಮೇಷ್ಟ್ರು, ಒಂದು ಕಾಗದ. ಆ ಹುಡುಗಿಯ ಐದನೇ ಕ್ಲಾಸು ಅದರ ಮೇಲೆ ನಿಂತಿತ್ತು.

ನಾನು ಸುಮ್ಮನಿರುವ ಜಾತಿಯಲ್ಲ. ಓಲ್ಡ್ ಏರ್‌ಪೋರ್ಟ್ ಕಡೆ ನಮ್ಮ ದೇಶದವರ ಒಂದು ಶಾಲೆಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಮರ್ಯಾದೆಯಿಂದಲೇ ಹೇಳಿದರು: ರೆಸಿಡೆನ್ಸಿ ಇಲ್ಲ, ಟೀಸಿ ಇಲ್ಲ, ಮಾಫಿ, ಅಂದರೆ ಸೀಟೂ ಇಲ್ಲ. ಅವರನ್ನು ನಾನು ದೂರುವುದಿಲ್ಲ, ಅದು ಸರಕಾರದ ಕಾನೂನು. ಕಾನೂನಿನ ಜೊತೆ ಚೌಕಾಸಿ ನಡೆಯುವುದಿಲ್ಲ. ಆಗ ನನ್ನ ತಲೆಗೆ ಹೊಳೆದದ್ದು ನಮ್ಮದೇ ಶುಕ್ರವಾರದ ತರಗತಿ.

ಸಂಘದವರು ರಜೆಯ ದಿನ, ಶುಕ್ರವಾರ ಬೆಳಿಗ್ಗೆ, ಒಂದು ವಿಲ್ಲಾದ ಹಾಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಅಲ್ಲಿನ ಬೆಂಚು, ಬೋರ್ಡು ಎಲ್ಲ ನನ್ನ ಅಂಗಡಿಯದ್ದೇ. ಕಲಿಸುವವರು ಸಿಸಿಲಿಯಾ ಬಾಯಿ, ಉಡುಪಿ ಕಡೆಯವರು, ವಾರವಿಡೀ ಮೆಸಯೀದಿನ ಕಂಪೆನಿಯೊಂದರಲ್ಲಿ ಕ್ಲರ್ಕು. ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಇಂಗ್ಲಿಷು, ಕನ್ನಡದ ಮೇಲೆ ಮಾತ್ರ ವಿಪರೀತ ಪ್ರೀತಿ. ನಮ್ಮ ಮಕ್ಕಳ ಕನ್ನಡದ ಸ್ಥಿತಿ ನಿಮಗೆ ಗೊತ್ತೇ ಇದೆ. ಸಿಂಗಾಪುರ ಬಂದ ಮೊದಲ ದಿನವೇ ಒಬ್ಬ ಹುಡುಗ ಎದ್ದು, "ಟೀಚರ್, ಕ್ಯಾಮೆಲ್‌ಗೆ ಕನ್ನಡದಲ್ಲಿ ಎಂತ ಹೇಳುದು?" ಎಂದ. ಸಿಸಿಲಿಯಾ ಬಾಯಿ ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬಂತು: "ಒಂಟೆ ಕಣೋ. ಒಂಟೆ ಊರಲ್ಲಿದ್ದು ಒಂಟೆ ಗೊತ್ತಿಲ್ವಾ ನಿಂಗೆ?"

ಆ ಹುಡುಗಿ ಮನೆಯಲ್ಲಿ ವಾಗ್ರಿ ಮಾತಾಡುವವಳು. ಕನ್ನಡ ಅವಳಿಗೂ ಶಾಲೆಯಲ್ಲಿ, ಸಂತೆಯಲ್ಲಿ ಕಲಿತದ್ದು. ಆದರೆ ಅವಳ ಬಾಯಲ್ಲಿ ಅದು ಜೀವಂತವಾಗಿತ್ತು. ಮೂರು ನಾಲ್ಕು ವಾರದಲ್ಲಿ ಬೇರೆ ಮಕ್ಕಳೂ ಅವಳ ಹಾಗೆ ಮಾತಾಡಲಿಕ್ಕೆ ಶುರುಮಾಡಿದವು. ಸಿಸಿಲಿಯಾ ಬಾಯಿ ನನಗೆ ಫೋನು ಮಾಡಿ, ಇಷ್ಟು ವರ್ಷ ನಾನು ಎಳೆದೂ ಎಳೆದೂ ಹೊರಡದ ಗಾಡಿ ಈಗ ಓಡುತ್ತಿದೆ ಎಂದರು.

ಹಾಜರಿ ಪುಸ್ತಕ ಶೇಖರಣ್ಣನ ಸುಪರ್ದಿಯಲ್ಲಿ. ಅವರು ನಮ್ಮ ಅಧ್ಯಕ್ಷರು, ನಮ್ಮ ಊರ ಕಡೆಯವರೇ, ದೊಡ್ಡ ಹುದ್ದೆಯಲ್ಲಿದ್ದ ಎಂಜಿನಿಯರು. ನಾನು ದೋಹಾಕ್ಕೆ ಬಂದ ಹೊಸದರಲ್ಲಿ ನನಗೆ ಮಲಗಲು ಜಾಗ ಕೊಟ್ಟವರು. ಅದನ್ನು ಮರೆತರೆ ನಾನು ಮನುಷ್ಯನಲ್ಲ. ಹುಡುಗಿಯ ಹೆಸರು ಕೇಳಿದ ಕೂಡಲೇ ಅವರು ಪೆನ್ನು ಎತ್ತಿ ಹಿಡಿದರು. ಇದು ಎಂಥ ಹೆಸರು ಮಾರಾಯ, ನಾಳೆ ಅತಿಥಿಗಳ ಎದುರು ಓದಿದರೆ ನಗೆಪಾಟಲು, ಪಾಪ ಮಗುವಿಗೇ ಅವಮಾನ ಎಂದು, ಸಿಂಧು ಎಂದು ಬರೆದರು. ಉಪಕಾರ ಮಾಡಿದ ತೃಪ್ತಿ ಅವರ ಮುಖದಲ್ಲಿತ್ತು. ನಾನು ಬೇಡವೆಂದೆ, ಅವರು ಪುಸ್ತಕ ಮುಚ್ಚಿದರು. ಹಾಜರಿ ಕರೆದಾಗ ಸಿಂಧು ಎಂದರೆ ಅವಳು ಸುತ್ತ ನೋಡುತ್ತಿದ್ದಳು, ಹೊಸ ಹುಡುಗಿ ಯಾರೋ ಬಂದಿರಬೇಕೆಂದು. ಸಿಸಿಲಿಯಾ ಬಾಯಿ ಮಾತ್ರ ಅವಳನ್ನು ಅವಳ ಹೆಸರಿನಿಂದಲೇ ಕರೆದರು.

ಆಮೇಲೆ ದೂರು ಶುರುವಾಯಿತು. ಎಣ್ಣೆಯ ವಾಸನೆ ಬರುತ್ತದೆ ಎಂದು ಒಬ್ಬರು. ಹೇನು ಹತ್ತೀತು ಎಂದು ಇನ್ನೊಬ್ಬರು. ಕೂದಲೆಣ್ಣೆ ಮಾರುವವರ ಮಗಳ ತಲೆಯಲ್ಲಿ ಹೇನು ಹುಡುಕಿದ ಜಾಣತನವನ್ನು ಏನೆನ್ನಬೇಕು! ನಮ್ಮ ಮಗ ಮನೆಯಲ್ಲಿ "ಬತ್ತೀನಿ, ಹೋಯ್ತೀನಿ" ಅನ್ನುತ್ತಾನೆ ಎಂದು ಮತ್ತೊಬ್ಬ ತಾಯಿ. ಆ ಮಗ ಅದುವರೆಗೆ ಮನೆಯಲ್ಲಿ ಕನ್ನಡದ ಒಂದು ಶಬ್ದ ಆಡಿದವನಲ್ಲ. ಅದಕ್ಕೆ ಅಳದ ತಾಯಿ ಇದಕ್ಕೆ ಅತ್ತರು.

ಶೇಖರಣ್ಣನ ಫ್ಲ್ಯಾಟಿನಲ್ಲಿ ಕಮಿಟಿ ಸೇರಿತು. ಗೋಳಿಬಜೆ, ಚಹಾ, ತುಳುವಿನಲ್ಲೇ ಮಾತುಕತೆ. ಮೊದಲ ವಿಷಯ ಆ ವರ್ಷದ ಸೇವಾ ಯೋಜನೆ. ಏನು ಗೊತ್ತೇ? ಊರಿನ ಅಲೆಮಾರಿ ಸಮುದಾಯದ ಮಕ್ಕಳ ಶಿಕ್ಷಣಕ್ಕೆ ನೆರವು. ಸಂಘದ ಲಾಂಛನ ಅಚ್ಚು ಹಾಕಿಸಿದ ಶಾಲಾ ಬ್ಯಾಗು ಕಳಿಸುವುದೆಂದು ಎಲ್ಲರೂ ಒಪ್ಪಿದರು. ಎರಡನೇ ವಿಷಯ, ಶುಕ್ರವಾರದ ತರಗತಿಯಿಂದ ಆ ಹುಡುಗಿಯನ್ನು ಬಿಡಿಸುವುದು. ಒಂದೇ ಸಭೆಯಲ್ಲಿ, ಒಂದೇ ತಟ್ಟೆಯ ಗೋಳಿಬಜೆ ತಿನ್ನುತ್ತ! ಈ ಎರಡು ವಿಷಯಗಳಿಗೆ ಒಂದಕ್ಕೊಂದು ಸಂಬಂಧವುಂಟೆಂದು ಅಲ್ಲಿ ಕೂತ ಯಾರಿಗೂ ಅನ್ನಿಸಲಿಲ್ಲ. ಎಲ್ಲರೂ ಓದಿದವರೇ.

"ಮಗುವಿನ ಮೇಲೆ ನಮಗೆ ಎಂತ ಸಿಟ್ಟು ಮಾರಾಯ?" ಎಂದರು ಶೇಖರಣ್ಣ. "ನಾಲ್ಕು ದಿನ ಇದ್ದು ಹೋಗುವವರಿಗೋಸ್ಕರ ಇಲ್ಲೇ ಇರುವವರ ಮನಸ್ಸು ಮುರಿಯುದಾ?"

"ಇಲ್ಲೇ ಇರುವವರು ಯಾರು ಶೇಖರಣ್ಣ? ನಿಮ್ಮ ಮಗ ಒಂದನೇ ಕ್ಲಾಸು ಬಹರೈನಿನಲ್ಲಿ ಓದಿದ, ಮೂರನೇದು ಮಸ್ಕತ್ತಿನಲ್ಲಿ, ಈಗ ಇಲ್ಲಿ. ಅವನಿಗೆ ಎಲ್ಲ ಕಡೆ ಬೆಂಚು ಸಿಕ್ಕಿತಲ್ಲ?"

"ಅದು ಟ್ರಾನ್ಸ್‌ಫರ್."

"ಕಂಪೆನಿ ಕಳಿಸಿದರೆ ಟ್ರಾನ್ಸ್‌ಫರ್, ಹೊಟ್ಟೆ ಕಳಿಸಿದರೆ ಅಲೆಮಾರಿ. ಹಾಗಲ್ವಾ?"

ಒಬ್ಬರು ಚಟ್ನಿ ಹಾಕಿಕೊಂಡರು. ಕೊನೆಗೆ ಖಜಾಂಚಿ ಒಂದು ರಾಜಿ ಸೂತ್ರ ತಂದರು: ಕಾಗದ ಬೇಕೆಂದು ತಾನೇ ಅವರು ಬಂದದ್ದು? ಕಾಗದ ಕೊಟ್ಟುಬಿಡುವ, ನಾಳೆಯಿಂದ ತರಗತಿಗೆ ಬರುವುದು ಬೇಡ, ಖಲಾಸ್. ಕೈ ಎತ್ತಿದರು, ಪಾಸಾಯಿತು. ದಾಸಪ್ಪನನ್ನು ಕರೆಸಿ ಮುಚ್ಚಿದ ಲಕೋಟೆಯೊಂದನ್ನು ಕೈಗಿಟ್ಟರು, ಮೊಹರು ಹಾಕಿ, ಇಂಗ್ಲಿಷಿನಲ್ಲಿ. ನನ್ನನ್ನು ಆ ಹೊತ್ತಿಗೆ ಯಾರೂ ಕರೆಯಲಿಲ್ಲ.

ತರಗತಿಗೆ ಇನ್ನು ಬರುವುದು ಬೇಡವಂತೆ ಎಂದು ತಿಳಿಸಲು ನಾನೇ ಅವರ ಕೋಣೆಗೆ ಹೋದೆ. ರುಕ್ಮಿಣಿ ಬಾಟಲಿಗಳಿಗೆ ಎಣ್ಣೆ ತುಂಬುತ್ತಿದ್ದಳು. ತಲೆ ಎತ್ತದೆ ಕೇಳಿಸಿಕೊಂಡಳು. ಆಮೇಲೆ, "ಬಾಟ್ಲಿ ಕೊಟ್ಬುಟ್ಟು ಎಣ್ಣೆ ಅವ್ರೇ ಇಟ್ಕಂಡ್ರೆ ಹೆಂಗಣ್ಣ?" ಎಂದಳು. ಸಿಂಗಾಪುರ ಮೇಜಿನ ಮುಂದೆ ಕೂತು ಕಾಪಿ ಬರೆಯುತ್ತಿದ್ದಳು. ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು: "ನಾನೇನ್ ಮಾಡ್ದೆ ಮಾವ?"

ಸಿಟ್ಟು ಹೊತ್ತೇ ಅಲ್ಲಿಂದ ಹೊರಟೆ. ಮರುದಿನವೇ ಕಮಿಟಿಗೆ ರಾಜೀನಾಮೆ ಕೊಟ್ಟು, ವಿಲ್ಲಾದಿಂದ ನನ್ನ ಬೆಂಚು, ಬೋರ್ಡು ಎಲ್ಲ ಪಿಕಪ್ಪಿನಲ್ಲಿ ಹೇರಿಸಿ ಅಂಗಡಿಗೆ ತಂದೆ. ಬೆಂಚು ಕೊಟ್ಟವನು ವಾಪಸ್ ಒಯ್ಯುವುದು ಸಣ್ಣತನ ಎಂದು ಊರೆಲ್ಲ ಆಡಿಕೊಂಡಿತು. ಇರಲಿ, ದೊಡ್ಡತನ ನೋಡಿಯಾಗಿತ್ತು. ಮುಂದಿನ ಶುಕ್ರವಾರ ಅಂಗಡಿಯ ಸೋಫಾ ಮಂಚಗಳ ನಡುವೆ ತರಗತಿ ಶುರುವಾಯಿತು. ಸಿಸಿಲಿಯಾ ಬಾಯಿ ಕೇಳದೆಯೇ ಬಂದರು. ಒಂಟೆ ಕೇಳಿದ ಹುಡುಗ ಅಪ್ಪನ ಹತ್ತಿರ ಹಟ ಮಾಡಿ ಬಂದ. ಆಮೇಲೆ ಇನ್ನೂ ಕೆಲವರು. ವೀಸಾ ಮುಗಿಯುವವರೆಗೆ ಒಂದು ಶುಕ್ರವಾರವೂ ತಪ್ಪಲಿಲ್ಲ.

ಅವರು ಊರಿಗೆ ಹೋದ ಸ್ವಲ್ಪ ದಿನಕ್ಕೆ ದಾಸಪ್ಪನ ಫೋನು ಬಂತು. ಹೆಡ್ಮೇಷ್ಟ್ರು ಲಕೋಟೆ ಬಿಡಿಸಿ ಓದಿ, ಇದರಲ್ಲಿ ಸಿಂಧು ಎಂದಿದೆ, ಸಿಂಧು ಯಾರು ಎಂದು ಕೇಳಿದರಂತೆ. ಶಾಲೆಯ ದಾಖಲೆಯಲ್ಲಿ ಇರುವುದು ಸಿಂಗಾಪುರ. ತನಿಖೆಗೆ ಬಂದ ಸಾಹೇಬರು ಬೇರೆ ಹುಡುಗಿಯ ಕಾಗದ ತಂದು ಮೋಸ ಮಾಡುತ್ತಿದ್ದಾರೆ ಎಂದರಂತೆ. ಹೆಸರು ಹೊಡೆದುಹಾಕಿಯಾಯಿತು.

ಮಗುವಿಗೆ ಅವಮಾನವಾಗಬಾರದೆಂದು ಹೆಸರು ತಿದ್ದಿದರು, ಅವಳ ಅಪ್ಪ ಅಮ್ಮನಿಗೆ ಕಳ್ಳರ ಪಟ್ಟ ಕಟ್ಟಿಸಿದರು. ನಾನು ಶೇಖರಣ್ಣನ ಮನೆಗೆ ಹೋದೆ. ಸರಿಯಾದ ಹೆಸರಿನಲ್ಲಿ ಇನ್ನೊಂದು ಕಾಗದ ಕೊಡಿ, ನಾನೇ ಒಯ್ದು ಕೊಡುತ್ತೇನೆ, ಬೇಕಾದರೆ ಬೆಂಚು ಬೋರ್ಡು ಎಲ್ಲ ತಂದುಹಾಕುತ್ತೇನೆ, ಕಮಿಟಿಯ ಎದುರು ಕ್ಷಮೆ ಕೇಳುತ್ತೇನೆ ಎಂದೆ. ನನ್ನ ಇಡೀ ವ್ಯಾಪಾರದ ಬದುಕಿನಲ್ಲಿ ಅಷ್ಟು ಇಳಿದು ಮಾತಾಡಿದ್ದಿಲ್ಲ.

"ಒಬ್ಬಳಿಗೆ ಎರಡು ಹೆಸರಿನಲ್ಲಿ ಕಾಗದ ಕೊಟ್ಟರೆ ನಾಳೆ ಸಂಘದ ಮೇಲೆ ಕೇಸಾದೀತು" ಎಂದರು ಅವರು. "ಅವರಿಗೆ ಬೇಕಿದ್ದರೆ ಅಲ್ಲಿಯೇ ಹೆಸರು ಬದಲಾಯಿಸಲಿ. ಸಿಂಧು ಒಳ್ಳೆ ಹೆಸರಲ್ಲವಾ?"

ನಾನು ಎದ್ದು ಬಂದೆ. ಮಲಗಲು ಜಾಗ ಕೊಟ್ಟವರ ಮನೆಯ ಬಾಗಿಲನ್ನು ಆಮೇಲೆ ತಟ್ಟಲಿಲ್ಲ.

ಸಿಸಿಲಿಯಾ ಬಾಯಿ ಬಿಳಿ ಹಾಳೆಯಲ್ಲಿ ಕೈಯಾರೆ ಬರೆದುಕೊಟ್ಟರು: ಸಿಂಗಾಪುರ ಎಂಬ ಹುಡುಗಿಗೆ ನಾನು ಪಾಠ ಹೇಳಿದ್ದೇನೆ, ಇಂತಿಂಥದ್ದು ಓದಿದ್ದಾಳೆ, ಲೆಕ್ಕ ಇಲ್ಲಿಯವರೆಗೆ ಬಂದಿದೆ. ಅಂಗಡಿ ಮುಚ್ಚಿ ಅದನ್ನು ಹಿಡಿದು ನಾನೇ ಊರಿಗೆ ಹೋದೆ. ಹೆಡ್ಮೇಷ್ಟ್ರು ಕೂರಿಸಿ ಮಾತಾಡಿಸಿದರು. ಹುಡುಗಿಯನ್ನು ಕರೆದು ಓದಿಸಿದರು. ಅವಳು ಗಟ್ಟಿಯಾಗಿ ಓದಿದಳು. ಅವರ ಮುಖ ಸಣ್ಣದಾಯಿತು. ಮೇಲಿನವರಿಗೆ ವರದಿ ಹೋಗಿದೆ, ಈ ವರ್ಷ ಪರೀಕ್ಷೆಗೆ ಕೂರಿಸುವ ಹಾಗಿಲ್ಲ, ಜೂನಿನಲ್ಲಿ ಮತ್ತೆ ನಾಲ್ಕಕ್ಕೆ ಸೇರಿಸಿಕೊಳ್ಳುತ್ತೇನೆ ಎಂದರು. ಅರ್ಧ ತಾಸು ನಾನು ಬೇಡದ ಮಾತಿಲ್ಲ. ಅವರು ಕೊಡಬಹುದಾದದ್ದೇ ಅಷ್ಟು. ಐದನೇ ಕ್ಲಾಸಿನ ಪುಸ್ತಕವನ್ನು ಆಗಲೇ ಓದಬಲ್ಲವಳು ಒಂದು ವರ್ಷ ಚಿಕ್ಕ ಮಕ್ಕಳ ಜೊತೆ ಕೂತು ನಾಲ್ಕನೆಯದನ್ನೇ ಓದಿದಳು. ಮುಂದೆ ಹತ್ತನೆಯದು ಪಾಸಾದಾಗ ಫೋನು ಮಾಡಿದಳು. ನನಗೆ ಸಂತೋಷವಾಯಿತು, ಸಿಟ್ಟು ಇಳಿಯಲಿಲ್ಲ. ಆ ವರ್ಷವನ್ನು ಯಾರು ವಾಪಸ್ ಕೊಡುತ್ತಾರೆ?

ಸಂಘದವರ ಬ್ಯಾಗುಗಳು ಆ ವರ್ಷ ಊರಿಗೆ ಹೋದವು. ಫೋಟೋ ಬಂದಿತ್ತು, ಚೆನ್ನಾಗಿತ್ತು.

ಲಿಫ್ಟಿನಿಂದ ಇಳಿದು ಬಂದ ವಾರದಲ್ಲೇ ಸಂಘದ ಈಗಿನ ಕಾರ್ಯದರ್ಶಿ, ಎಳೆಯ ವಯಸ್ಸಿನವರು, ಅಂಗಡಿಗೆ ಬಂದರು. ಹಳೆಯ ಜಗಳ ಅವರಿಗೆ ಗೊತ್ತಿಲ್ಲ. ಅಲೆಮಾರಿ ಮಕ್ಕಳ ಓದಿಗೆ ಏನಾದರೂ ಮಾಡಬೇಕೆಂದಿದ್ದೇವೆ ಅಂಕಲ್, ಬ್ಯಾಗು ಕೊಡುವ ಅಂತ, ನಿಮ್ಮ ಸಲಹೆ ಏನು ಎಂದರು. ಇಷ್ಟು ವರ್ಷ ಆ ಸಂಘದ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದವನು ನಾನು. ಆ ದಿನ ಕುರ್ಚಿ ಎಳೆದು ಕೂರಿಸಿ ಚಹಾ ತರಿಸಿದೆ. ಸಿಟ್ಟನ್ನು ಗೋದಾಮಿನಲ್ಲಿ ಇಟ್ಟರೆ ಅದಕ್ಕೆ ಬೆಲೆ ಏರುವುದಿಲ್ಲ, ಚಲಾವಣೆಗೆ ಬಿಡಬೇಕು ಅನ್ನಿಸಿತು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಬ್ಯಾಗು ಬೇಡ. ಊರಿಂದೂರಿಗೆ ಹೋಗುವವರ ಹತ್ತಿರ ಚೀಲ ನಿಮ್ಮ ಹತ್ತಿರ ಇರುವುದಕ್ಕಿಂತ ಹೆಚ್ಚೇ ಇರುತ್ತದೆ. ಅವರು ಯಾವ ತಿಂಗಳು ಹೊರಡುತ್ತಾರೆ, ಯಾವಾಗ ಮರಳುತ್ತಾರೆ ಎಂದು ತಾಯಂದಿರನ್ನೇ ಕೇಳಿ ತಿಳಿದುಕೊಳ್ಳಿ. ಅದಕ್ಕೆ ಸರಿಯಾಗಿ ಶಾಲೆಯವರ ಜೊತೆ ಮೊದಲೇ ಮಾತಾಡಿ. ಹೆಸರು ಹೊಡೆದ ಮೇಲೆ ಹೋದರೆ ಹೆಡ್ಮೇಷ್ಟ್ರು ಎಷ್ಟು ಒಳ್ಳೆಯವರಾದರೂ ಕೈಕಟ್ಟಿರುತ್ತದೆ. ಫೋನಿನಲ್ಲಿ ಮುಗಿಸಬೇಡಿ, ಎದುರು ಹೋಗಿ ಕೂರಿ. ಅವರು ನಿಮ್ಮ ಊರಿಗೆ ಬಂದರೆ ಮಗುವಿಗೆ ಒಂದು ಬೆಂಚು ಕೊಡಿ, ವಾರಕ್ಕೊಂದು ದಿನವಾದರೂ ಸಾಕು. ಯಾವ ಪೋಷಕರಾದರೂ ಮೂಗು ಮುರಿದರೆ ಬಿಡಿಸಬೇಕಾದದ್ದು ಅವರ ಮಗುವನ್ನು, ಈ ಮಗುವನ್ನಲ್ಲ. ಪ್ರಮಾಣಪತ್ರ ಯಾರೇ ಕೊಡಲಿ, ಲಕೋಟೆಯನ್ನು ಅಲ್ಲಿಯೇ, ಕೊಟ್ಟವರ ಎದುರಿನಲ್ಲೇ ಬಿಡಿಸಿ ಓದಿಸಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಹೆಸರೇನು ಎಂದು ಮಗುವನ್ನೇ ಕೇಳಿ. ಅದು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ. ನಗು ಬಂದರೆ ಮನೆಗೆ ಹೋಗಿ ನಗಿ.